ಅನುವಾದೋತ್ತರ ಮಾರ್ಪಾಡು: ಇದು ರೂಪಾಂತರವಲ್ಲ

ಮಡಿಕೇರಿಯಲ್ಲಿ ವಿದ್ಯಾರ್ಥಿಗಳ ವಿಜ್ಞಾನ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಒಂದು ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಗ್ರಾಹಕಗಳ ಅನುವಾದೋತ್ತರ ರೂಪಾಂತರ’ ಎಂದಿತ್ತು. ಗ್ರಾಹಕ ಎಂದರೆ ಇಲ್ಲಿ ಗಿರಾಕಿಯಲ್ಲ, ಹೊರಗಿನ ಸಂದೇಶವನ್ನೋ ವಸ್ತುವನ್ನೋ ಹಿಡಿದುಕೊಳ್ಳುವ ಕೋಶದ ಪ್ರೋಟೀನು, ರಿಸೆಪ್ಟರ್. ಪ್ರೋಟೀನಿಗೆ ಆಮೇಲೆ ಸಕ್ಕರೆಯೋ ಫಾಸ್ಫೇಟೋ ಅಂಟುವಂಥ ಬದಲಾವಣೆಯೇ ಅನುವಾದೋತ್ತರ ಮಾರ್ಪಾಡು; ಚಾರ್ಟು ಅದನ್ನು ರೂಪಾಂತರ ಎಂದಿತ್ತು. ಕೊರೊನಾ ಕಾಲದಲ್ಲಿ ‘ರೂಪಾಂತರಿ’ ಮನೆಮಾತಾದಾಗಿನಿಂದ ಜೀವಕೋಶದಲ್ಲಿ ಏನು ಬದಲಾದರೂ ರೂಪಾಂತರವೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಈಗ ಬರೆದೇ ಇಡುತ್ತೇನೆ.

‘ಅನುವಾದ’ ಎಂದೊಡನೆ ನಮಗೆ ಭಾಷಾಂತರವಷ್ಟೇ ಹೊಳೆಯುತ್ತದೆ. ಸಂಸ್ಕೃತದಲ್ಲಿ ಅದರ ಹಳೆಯ ಅರ್ಥ ಬೇರೆ: ಅನು ಎಂದರೆ ಹಿಂಬಾಲಿಸಿ, ವಾದ ಎಂದರೆ ನುಡಿಯುವುದು. ಆಗಲೇ ಹೇಳಿದ್ದನ್ನು ಮತ್ತೆ ಹೇಳುವುದೇ ಅನುವಾದ; ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು, ಹೊಸದಾಗಿ ಕಟ್ಟಳೆ ಹೇಳುವ ವಿಧಿಯಿಂದ ಅನುವಾದವನ್ನು ಬೇರ್ಪಡಿಸುವುದು ಈ ಅರ್ಥದಲ್ಲಿ. ಕೋಶದಲ್ಲಿ ಪ್ರೋಟೀನು ಹೆಣೆಯುವ ರೈಬೋಸೋಮಿಗೆ ಎರಡೂ ಅರ್ಥ ಒಪ್ಪುತ್ತವೆ. ಆರ್‌ಎನ್‌ಎ ಮೂರು ಮೂರು ಅಕ್ಷರಗಳಲ್ಲಿ ಹೇಳಿದ್ದನ್ನು ಅದು ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಲ್ಲಿ ಮತ್ತೆ ಹೇಳುತ್ತದೆ. ಇನ್ನು ‘ಉತ್ತರ’ ಎಂಬುದು ‘ಸ್ವಾತಂತ್ರ್ಯೋತ್ತರ’ದಲ್ಲಿರುವ ಉತ್ತರ, ಆಮೇಲಿನದು. ಸಕ್ಕರೆಯ ಕೆಲವು ಸರಪಣಿಗಳು ಪ್ರೋಟೀನು ಹೆಣೆಯುತ್ತಿರುವಾಗಲೇ ಅಂಟಿಕೊಳ್ಳುತ್ತವೆ ನಿಜ, ಆದರೂ ಜೀನ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಅಕ್ಷರ ಬದಲಾದರೆ ಅದು ಮ್ಯುಟೇಶನ್. ರೂಪಾಂತರ ಎಂಬ ಪದವನ್ನು ಅದಕ್ಕೆ ಬಿಟ್ಟುಕೊಡಿ.

ಕಾಫಿ ತೋಟದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅರೇಬಿಕಾ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಕಣದಲ್ಲಿ ಹರಡಿದರೆ ಚೆರಿ. ರುಚಿ ಬೇರೆ, ರೇಟು ಬೇರೆ. ಹಾಗಂತ ಗಿಡವೇ ಬೇರೆ ಜಾತಿಯ ರೊಬಸ್ಟಾ ಆಯಿತು ಎಂದು ಯಾರೂ ಹೇಳುವುದಿಲ್ಲ.

ಇದೇ ಗೊಂದಲದ ಇನ್ನೊಂದು ಮುಖ ‘ಅಭಿವ್ಯಕ್ತಿ’, ಅಂದರೆ ಜೀನ್ ಹೇಳಿದ ಪ್ರೋಟೀನು ತಯಾರಾಗುವುದು. ಜೀನ್ ಅಭಿವ್ಯಕ್ತವಾಗಿದೆ ಎಂದ ಮಾತ್ರಕ್ಕೆ ಗ್ರಾಹಕ ಕೋಶದ ಹೊರಮೈಗೆ ಬಂದಿದೆ ಎಂದಲ್ಲ. ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲನ್ನು ಒಳಗೆಳೆದುಕೊಳ್ಳುವ ಗ್ರಾಹಕವನ್ನೇ ನೋಡಿ. ಇದರ ಕೆಲಸ ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ರಿಗೆ 1985ರಲ್ಲಿ ನೊಬೆಲ್ ಬಂತು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಈ ಗ್ರಾಹಕದ ಎಳೆಯ ರೂಪ ಸುಮಾರು 1,20,000 ಡಾಲ್ಟನ್ (ಅಣುಗಳ ತೂಕದ ಅಳತೆ) ತೋರಿಸುತ್ತದೆ, ಪ್ರೋಟೀನನ್ನು ಅಣಿಮಾಡಿ ಕಳಿಸುವ ಗಾಲ್ಜಿ ಎಂಬ ಕೋಶಾಂಗದಲ್ಲಿ ಸಕ್ಕರೆ ಸೇರಿದ ಮೇಲೆ 1,60,000. ವಂಶದಲ್ಲೇ ಕೊಲೆಸ್ಟರಾಲ್ ಹೆಚ್ಚಿರುವ ಕೆಲವರಲ್ಲಿ ಈ ಗ್ರಾಹಕ ಸರಿಯಾಗಿ ಮಡಿಚಿಕೊಳ್ಳದೆ ಗಾಲ್ಜಿಗಿಂತ ಮೊದಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರೋಟೀನು ತಯಾರಾಗಿರುತ್ತದೆ, ಹೊರಮೈ ಮಾತ್ರ ಬರಿದು.

ಹೊರಗೆ ಬಂದ ಮೇಲೂ ಮಾರ್ಪಾಡು ನಿಲ್ಲುವುದಿಲ್ಲ. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ-2 ಗ್ರಾಹಕಕ್ಕೆ ಕೂರುತ್ತದೆ. ಔಷಧಿ ಬಿಡದೆ ಬೀಳುತ್ತಿದ್ದರೆ ಕೈನೇಸ್ ಎಂಬ ಕಿಣ್ವ ಗ್ರಾಹಕದ ಬಾಲಕ್ಕೆ ಫಾಸ್ಫೇಟು ಸಿಕ್ಕಿಸುತ್ತದೆ, ಅರೆಸ್ಟಿನ್ ಎಂಬ ಪ್ರೋಟೀನು ಬಂದು ಸಂದೇಶ ತಡೆಯುತ್ತದೆ, ಗ್ರಾಹಕ ಕೋಶದೊಳಕ್ಕೆ ಇಳಿಯುತ್ತದೆ. ಫಾಸ್ಫೇಟು ಕಳಚಿದರೆ ಮತ್ತೆ ಮೇಲೆ ಬರಬಹುದು. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಅಂಟಿ, ಬೇಡದ್ದನ್ನು ಅರಗಿಸುವ ಲೈಸೋಸೋಮಿಗೆ ಹೋದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಬೆಳಿಗ್ಗೆ ಒಳಗೆ ಹೋಗಿ ಮಧ್ಯಾಹ್ನ ಹೊರಗೆ ಬರುವುದನ್ನು ರೂಪಾಂತರ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

‘ಮಾರ್ಪಾಡು’ ನಮ್ಮದೇ ಒಳ್ಳೆಯ ಪದ. ಕಟ್ಟುಪಾಡಿನಲ್ಲಿರುವ ‘ಪಡು’ವೇ ಇಲ್ಲೂ ಇದೆ, ಒಳಗಾಗು ಎಂಬ ಅರ್ಥದಲ್ಲಿ. ಮಾಡುವುದು ಕೈನೇಸ್, ಒಳಗಾಗುವುದು ಗ್ರಾಹಕ. ಇನ್ಸುಲಿನ್ ಗ್ರಾಹಕದಂಥವು ಕೈನೇಸನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ಇನ್ಸುಲಿನ್ ಕೂತೊಡನೆ ಅದರ ಎರಡು ಅರ್ಧಗಳು ಒಂದಕ್ಕೊಂದು ಫಾಸ್ಫೇಟು ಅಂಟಿಸಿಕೊಳ್ಳುತ್ತವೆ.