ಇಳಿದ ಆ 2 ಕೆಜಿ ಯಾವುದು?

ದೇಹದ ವಿಷ ತೆಗೆಯುತ್ತೆ ಅನ್ನುವ ‘ಡಿಟಾಕ್ಸ್’ ಮಾಡಿದೆ, ಮೂರು ದಿನ ಬರೀ ಜ್ಯೂಸ್ ಕುಡಿದು 2 ಕೆಜಿ ಇಳಿಸಿಕೊಂಡೆ ಅಂತ ಕೆಲವರು ನನ್ನ ಹತ್ತಿರ ಖುಷಿಯಾಗಿ ಬರುತ್ತಾರೆ. ಆ ಮುಖ ನೋಡಿ ಬೇಜಾರು ಮಾಡೋಕೆ ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು: ಹೋಗಿದ್ದು ವಿಷ ಅಲ್ಲ, ಕೊಬ್ಬೂ ಅಷ್ಟಾಗಿ ಅಲ್ಲ. ಜಾಸ್ತಿ ಪಾಲು ನೀರು.

ಲೆಕ್ಕ ಹಾಕಿ ನೋಡೋಣ. 1 ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವವರು ಮೂರು ದಿನ ಏನೂ ತಿನ್ನದಿದ್ದರೂ ಆಗುವುದು 6,000. ಒಂದು ಕೆಜಿಯೂ ಆಗಲಿಲ್ಲ, ಅಲ್ವಾ? ಜ್ಯೂಸ್ ಕುಡಿದಿದ್ದರೆ ಇನ್ನೂ ಕಡಿಮೆ.

ಮಿಕ್ಕಿದ್ದು ಎಲ್ಲಿಂದ ಬಂತು? ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು 500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆ, ಇರುತ್ತದೆ. ಅದರ ಒಂದೊಂದು ಗ್ರಾಂಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಮ್ಮಿಯಾದರೆ ದೇಹ ಮೊದಲು ಇದಕ್ಕೇ ಕೈ ಹಾಕುತ್ತದೆ. ಅದು ಕರಗಿದಂತೆ ನೀರೂ ಹೊರಟುಹೋಗುತ್ತದೆ. ಮತ್ತೆ ಊಟ ಶುರು ಮಾಡಿದ ಕೂಡಲೇ ಎರಡೂ ವಾಪಸ್. ಆಗ ಜನ ಬೈಯುವುದು ಊಟವನ್ನು! ಮತ್ತೊಂದು ಡಿಟಾಕ್ಸ್‌ಗೆ ಹೊರಡುತ್ತಾರೆ.

ಒಬ್ಬರು ವರ್ಷಪೂರ್ತಿ ತೂಕ ಬರೆದಿಟ್ಟ ನೋಟ್‌ಬುಕ್ ತಂದಿದ್ದರು. ಪ್ರತಿ ತಿಂಗಳೂ ಡಿಟಾಕ್ಸ್, ಪ್ರತಿ ತಿಂಗಳೂ 2 ಕೆಜಿ ಇಳಿಕೆ. ಕೂಡಿದರೆ 24 ಕೆಜಿ ಹೋಗಿರಬೇಕಿತ್ತು. ಮನುಷ್ಯ ಇದ್ದ ಹಾಗೇ ಇದ್ದರು. ಕೆಲಸದಲ್ಲಿ ಲೆಕ್ಕಪರಿಶೋಧಕರು ಬೇರೆ!

ವಿಷದ ಮಾತು ಬಂದರೆ, ಯಾವ ವಿಷ ಅಂತ ನಾನು ಕೇಳುತ್ತೇನೆ. ಇದುವರೆಗೆ ಯಾರೂ ಹೆಸರು ಹೇಳಿಲ್ಲ. ಆ ಕೆಲಸವನ್ನು ಲಿವರ್, ಕಿಡ್ನಿಗಳು ಸುಮ್ನೆ ಮಾಡಿಕೊಂಡು ಹೋಗುತ್ತಿರುತ್ತವೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹಾಗಂತ ಎಲ್ಲರಿಗೂ ಜ್ಯೂಸ್ ನಿರುಪದ್ರವಿ ಅನ್ನಲಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಲೇಬಾರದು.

ಹಾಗಾದರೆ ಏನು ಮಾಡಲಿ ಅಂತ ಆ ಲೆಕ್ಕಪರಿಶೋಧಕರೂ ಕೇಳಿದರು. ಹಣ್ಣನ್ನು ಹಿಂಡಬೇಡಿ, ಕಚ್ಚಿ ತಿನ್ನಿ. ಸೋಸಿ ಎಸೆಯುವ ನಾರೇ ಹೊಟ್ಟೆ ತುಂಬಿಸುವುದು ಅಂದೆ. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಆದರೂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೊತೆಗೆ ಕಾಳು, ಪಾಲಿಶ್ ಮಾಡದ ಧಾನ್ಯ, ಹೊತ್ತಿಗೆ ಸರಿಯಾಗಿ ಊಟ. ಈಗ ಅವರ ತೂಕ ತಿಂಗಳಿಗೆ ಅರ್ಧ ಕೆಜಿ ಇಳಿದರೆ ಹೆಚ್ಚು. ಇಷ್ಟು ನಿಧಾನನಾ ಅಂತ ಬಂದಾಗಲೆಲ್ಲ ಗೊಣಗುತ್ತಾರೆ. ಗೊಣಗಲಿ, ಮುಂದಿನ ತಿಂಗಳು ಆ ಅರ್ಧ ಕೆಜಿ ವಾಪಸ್ ಬಂದಿರುವುದಿಲ್ಲವಲ್ಲ.