ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ: ರೆಟ್ ಸಿಂಡ್ರೋಮ್‌ನ ಜೀನ್

ಆರೇಳು ತಿಂಗಳವರೆಗೆ ಚೆನ್ನಾಗಿಯೇ ಬೆಳೆದ ಹೆಣ್ಣುಮಗು ಒಂದೂವರೆ ವರ್ಷದ ಹೊತ್ತಿಗೆ ಕಲಿತದ್ದನ್ನು ಒಂದೊಂದಾಗಿ ಮರೆಯತೊಡಗುತ್ತದೆ. ಆಡುತ್ತಿದ್ದ ನಾಲ್ಕು ಮಾತು ನಿಲ್ಲುತ್ತದೆ. ಬಿಸ್ಕತ್ತು ಹಿಡಿಯುತ್ತಿದ್ದ ಕೈ ಏನನ್ನೂ ಹಿಡಿಯದು. ಎರಡೂ ಕೈ ಎದೆಯ ಮುಂದೆ ಸೇರಿ, ಎಚ್ಚರವಿರುವಷ್ಟು ಹೊತ್ತೂ ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊಸೆಯುತ್ತಲೇ ಇರುತ್ತವೆ. ತಲೆಯ ಸುತ್ತಳತೆ ವಯಸ್ಸಿಗೆ ತಕ್ಕಂತೆ ಏರುವುದಿಲ್ಲ. ಉಸಿರಾಟ ಏರುಪೇರಾಗುತ್ತದೆ, ಹಲವರಿಗೆ ಫಿಟ್ಸ್ ಬರುತ್ತದೆ. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುವ ಈ ಕಾಯಿಲೆಯೇ ರೆಟ್ ಸಿಂಡ್ರೋಮ್.

1954ರಲ್ಲಿ ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್, ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ಇಬ್ಬರು ಹುಡುಗಿಯರು ಒಂದೇ ಥರ ಕೈ ಹೊಸೆಯುವುದನ್ನು ಕಂಡರು. 1966ರಲ್ಲಿ ಅವರು ಬರೆದ ಪ್ರಬಂಧ ಜರ್ಮನ್‌ನಲ್ಲಿತ್ತು, ಹೆಚ್ಚು ಜನ ಓದಲಿಲ್ಲ. ರಕ್ತದಲ್ಲಿ ಅಮೋನಿಯಾ ಹೆಚ್ಚಿದೆ ಎಂಬ ಅದರ ಮಾತೂ ಮುಂದೆ ನಿಲ್ಲಲಿಲ್ಲ. 1983ರಲ್ಲಿ ಸ್ವೀಡನ್‌ನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆಯೇ ಕಾಯಿಲೆಗೆ ರೆಟ್ ಹೆಸರು ನಿಂತಿತು. ಅದೇ ವರ್ಷ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ, ಲೆಬನಾನ್‌ನಿಂದ ಬಂದಿದ್ದ ಯುವ ವೈದ್ಯೆ ಹುದಾ ಜೋಘ್ಬಿ ಇಂಥ ಮಗುವನ್ನು ಮೊದಲು ನೋಡಿದರು. ಅಲ್ಲಿಂದ ಜೀನ್ ಸಿಗಲು 16 ವರ್ಷ.

ಅಷ್ಟು ತಡವಾದದ್ದಕ್ಕೆ ಕಾರಣವಿದೆ. ಜೀನ್ ಹುಡುಕಲು ಸಾಮಾನ್ಯವಾಗಿ ಮೂರು ತಲೆಮಾರಿನ ಕುಟುಂಬ ಬೇಕು. ರೆಟ್ ಬಹುಮಟ್ಟಿಗೆ ಮನೆತನದಲ್ಲಿ ಹರಿಯುವುದೇ ಇಲ್ಲ. ಹೆಚ್ಚಿನ ಪಾಲು ತಂದೆಯ ವೀರ್ಯಾಣುವಿನಲ್ಲಿ ಹೊಸದಾಗಿ ಹುಟ್ಟುವ ತಪ್ಪು. ಹಾಗಾಗಿ ಒಂದೇ ತಾಯಿಯ, ಬೇರೆ ತಂದೆಯರ ಅಕ್ಕತಂಗಿಯರಂಥ ಅಪರೂಪದ ಕುಟುಂಬಗಳೇ ಗತಿಯಾದವು. ಅವರಿಬ್ಬರಿಗೂ ಸಮಾನವಾದ ಎಕ್ಸ್ ಕ್ರೋಮೋಸೋಮ್ ತುಂಡುಗಳನ್ನು ಹೋಲಿಸುತ್ತ, ಅದರ ತುದಿಯ ಎಕ್ಸ್‌ಕ್ಯೂ28 ಭಾಗಕ್ಕೆ ಬಂದು, ಅಲ್ಲಿನ ಜೀನ್‌ಗಳನ್ನು ಒಂದಾದ ಮೇಲೊಂದು ತೆರೆದು ನೋಡಬೇಕಾಯಿತು. 1999ರಲ್ಲಿ ಜೋಘ್ಬಿ ಪ್ರಯೋಗಾಲಯದ ರೂಥಿ ಅಮೀರ್‌ಗೆ ಮೆಕ್‌ಪಿ2 ಜೀನ್‌ನಲ್ಲಿ ತಪ್ಪು ಸಿಕ್ಕಿತು: ಮನೆತನದಲ್ಲಿ ಬೇರೆ ಯಾರಿಗೂ ಕಾಯಿಲೆಯಿಲ್ಲದ 21 ರೋಗಿಗಳ ಪೈಕಿ ಐವರಲ್ಲಿ, ಜೊತೆಗೆ ಇಬ್ಬರು ಅಕ್ಕತಂಗಿಯರಲ್ಲಿ. ಅವರ ತಾಯಿಯ ರಕ್ತದಲ್ಲಿ ಮಾತ್ರ ಆ ತಪ್ಪು ಇರಲಿಲ್ಲ. ಅದು ಅಂಡಾಣುಗಳಲ್ಲಷ್ಟೇ ಅಡಗಿತ್ತು. ತಾಯಿಯ ರಕ್ತಪರೀಕ್ಷೆ ಸರಿಯಿದ್ದರೂ ಮುಂದಿನ ಗರ್ಭಕ್ಕೆ ಪರೀಕ್ಷೆ ಸೂಚಿಸುವುದು ಇದೇ ಕಾರಣಕ್ಕೆ.

ಡಿಎನ್‌ಎಯಲ್ಲಿ ಮಿಥೈಲ್ ಗುರುತು ಬಿದ್ದ ಜಾಗಕ್ಕೆ ಅಂಟಿಕೊಂಡು, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂದು ಹದ್ದುಬಸ್ತಿನಲ್ಲಿಡುವುದು ಮೆಕ್‌ಪಿ2 ಜೀನ್ ತಯಾರಿಸುವ ಪ್ರೋಟೀನು. ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ ಅದನ್ನು 1992ರಲ್ಲೇ ಗುರುತಿಸಿತ್ತು, ಯಾವ ಕಾಯಿಲೆಯ ನೆನಪೂ ಇಲ್ಲದೆ. ಹುಡುಗಿಯರ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿರುತ್ತದೆ, ಯಾವುದು ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಹಾಗಾಗಿ ರೋಗಿಯ ಮಿದುಳಿನಲ್ಲಿ ಸರಿಯಿರುವ ಕೋಶ, ಕೆಟ್ಟ ಕೋಶ ಅಕ್ಕಪಕ್ಕ ಬೆರೆತಿರುತ್ತವೆ.

ಕಡಿಮೆಯಾದದ್ದನ್ನು ತುಂಬಿಸಿದರೆ ಮುಗಿಯಿತಲ್ಲ ಎನಿಸುತ್ತದೆ. 2004ರಲ್ಲಿ ಜೋಘ್ಬಿ ತಂಡ ಈ ಪ್ರೋಟೀನು ಎರಡು ಪಟ್ಟಿರುವ ಇಲಿಗಳನ್ನು ಬೆಳೆಸಿತು. ಹತ್ತು ವಾರಕ್ಕೆ ಅವು ಉಳಿದವಕ್ಕಿಂತ ಚುರುಕಾಗಿ ಕಲಿತವು. ಇಪ್ಪತ್ತು ವಾರ ಕಳೆದ ಮೇಲೆ ಫಿಟ್ಸ್, ಮಂಕು, ಕೆಲವಕ್ಕೆ ಸಾವು. ಮರುವರ್ಷವೇ ಈ ಜೀನ್ ಎರಡೆರಡಿದ್ದು ಕಾಯಿಲೆಬಿದ್ದ ಗಂಡುಮಕ್ಕಳು ಪತ್ತೆಯಾದರು. 2007ರಲ್ಲಿ ಬರ್ಡ್ ತಂಡ, ಇಲಿಗಳಲ್ಲಿ ಈ ಜೀನ್ ಕೆಲಸ ಮಾಡದಂತೆ ಮೊದಲೇ ಹಾಕಿದ್ದ ಅಡ್ಡಗಟ್ಟೆಯನ್ನು ಟಮಾಕ್ಸಿಫೆನ್ ಎಂಬ ಔಷಧ ಕೊಟ್ಟು ತೆಗೆದಾಗ ಸಾಯುವಂತಿದ್ದ ಇಲಿಗಳೂ ಚೇತರಿಸಿಕೊಂಡವು. ಅಲ್ಲೂ ಅವಸರದಲ್ಲಿ ದಿನವೂ ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಅರ್ಧದಷ್ಟು ಸತ್ತವು, ನಿಧಾನವಾಗಿ ಕೊಟ್ಟ ಗುಂಪು ಉಳಿಯಿತು.

ಮಗುವಿನ ಮೆಕ್‌ಪಿ2 ಪರೀಕ್ಷೆಯ ರಿಪೋರ್ಟ್ 'ನೆಗೆಟಿವ್' ಬಂದರೆ ಅಲ್ಲಿಗೇ ಬಿಡಬೇಡಿ. ಬರೀ ಸೀಕ್ವೆನ್ಸಿಂಗ್‌ಗೆ, ಅಂದರೆ ಜೀನ್‌ನ ಅಕ್ಷರಗಳನ್ನು ಓದುವ ಪರೀಕ್ಷೆಗೆ, ಒಂದಿಡೀ ಎಕ್ಸಾನ್ (ಜೀನ್‌ನ ಒಂದು ತುಂಡು) ಕಳೆದುಹೋಗಿರುವುದು ಕಣ್ತಪ್ಪಬಹುದು. ಅಂಥದ್ದನ್ನು ಹಿಡಿಯುವ ಎಂಎಲ್‌ಪಿಎ ಪರೀಕ್ಷೆ ಮಾಡಿದ್ದಾರೆಯೇ ಕೇಳಿ. ಹಳೆಯ ರಿಪೋರ್ಟ್ ಆದರೆ ಎಕ್ಸಾನ್ 1 ನೋಡಿದ್ದಾರೆಯೇ ಎಂಬುದನ್ನೂ ಕೇಳಿ, 2004ಕ್ಕೂ ಮೊದಲು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎರಡೂ ಸರಿಯಿದ್ದರೆ, ರೆಟ್‌ನಂಥ ಲಕ್ಷಣಗಳನ್ನೇ ತರಬಲ್ಲ ಸಿಡಿಕೆಎಲ್5, ಫಾಕ್ಸ್‌ಜಿ1 ಜೀನ್‌ಗಳ ಸರದಿ.

2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ರೆಟ್‌ನ ಔಷಧ ಟ್ರೊಫಿನೆಟೈಡ್‌ಗೆ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಎರಡು ಸಲ ಕುಡಿಸುವ ಈ ದ್ರವ ಜೀನನ್ನು ಮುಟ್ಟುವುದಿಲ್ಲ. ಪ್ರಯೋಗದಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಭೇದಿಯಾಯಿತು. ಜೀನ್ ಚಿಕಿತ್ಸೆಯಲ್ಲಿ ಹೊಸ ಜೀನನ್ನು ಹೊತ್ತೊಯ್ಯುವ ವೈರಸ್ ಸರಿಯಿರುವ ಕೋಶಕ್ಕೂ ನುಗ್ಗುವುದರಿಂದ, ಪ್ರೋಟೀನು ಮಿತಿ ಮೀರಿದಾಗ ತಾನೇ ತಗ್ಗಿಸಿಕೊಳ್ಳುವ ತುಂಡೊಂದನ್ನು ಜೊತೆಗೆ ಜೋಡಿಸುತ್ತಾರೆ. 2024ರಲ್ಲಿ ಒಂದು ಪ್ರಯೋಗದಲ್ಲಿ ಹೆಚ್ಚಿನ ಡೋಸ್ ಪಡೆದ ರೋಗಿಯೊಬ್ಬಳು ತೀರಿಕೊಂಡಳು. ಅಲ್ಲಿ ಮುಳುವಾದದ್ದು ಮೆಕ್‌ಪಿ2 ಅಲ್ಲ, ಅಷ್ಟೊಂದು ವೈರಸ್ಸಿಗೆ ದೇಹ ಕೆರಳಿದ ರೀತಿ. ಆ ಡೋಸ್ ಕೈಬಿಟ್ಟು, ಕಡಿಮೆ ಡೋಸ್‌ನಲ್ಲಿ ಪ್ರಯೋಗ ಮುಂದುವರಿಸಲಾಯಿತು.