ಓದುಗರ ಪ್ರಶ್ನೆ: ಗನ್ನೇ ಕೊಡದಿದ್ದರೆ ಹಾರರ್ ಗೇಮ್ ಇನ್ನೂ ಹೆದರಿಸುತ್ತಿತ್ತಲ್ಲವೇ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರೂಮಿನಲ್ಲಿ ಸರ್ವೈವಲ್ ಹಾರರ್ ಗೇಮ್ (ಇರುವ ಚೂರುಪಾರು ಸಾಮಾನಿನಲ್ಲೇ ಜೀವ ಉಳಿಸಿಕೊಳ್ಳಬೇಕಾದ ಹೆದರಿಕೆಯ ಗೇಮ್) ಆಡಲು ಕೂತಾಗಲೆಲ್ಲ ಗೆಳೆಯರ ನಡುವೆ ಒಂದೇ ಜಗಳ. ಹೆದರಿಸುವುದೇ ಉದ್ದೇಶವಾದರೆ ಕೈಗೆ ಗನ್ ಯಾಕೆ ಕೊಡಬೇಕು? ಕೊಟ್ಟ ಮೇಲೆ ಗುಂಡಿಗೆ ಯಾಕೆ ಜಿಪುಣತನ? ಇನ್ನೊಂದು ವಿಷಯ: ಗುಂಡು ಸಾಲದು ಅಂತ ಗೇಮ್ ಪೂರ್ತಿ ಒದ್ದಾಡಿದೆ. ಮುಗಿದಾಗ ನೋಡಿದರೆ ಪೆಟ್ಟಿಗೆಯಲ್ಲಿ ರಾಶಿ ಗುಂಡು ಉಳಿದಿತ್ತು. ಹಾಗಾದರೆ ನಾನು ಹೆದರಿದ್ದೆಲ್ಲ ದಂಡವೇ?

ಉತ್ತರ: ನನ್ನ ಉತ್ತರ ಮಧುಗಿರಿ ಕಡೆಯ ಒಂದು ಕಡ್ಲೆಕಾಯಿ ಹೊಲದಿಂದ ಶುರುವಾಗುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ಕಾಯಿ ಬಲಿಯುವ ಹೊತ್ತಿಗೆ ಹಂದಿ ಕಾಟ. ಬೆಟ್ಟದ ಬುಡವಾದ್ದರಿಂದ ಒಮ್ಮೊಮ್ಮೆ ಕರಡಿಯೂ ಇಳಿಯುತ್ತಿತ್ತು. ನನ್ನ ಸೋದರಮಾವ ರಾತ್ರಿ ಕಾವಲಿಗೆ ಹೋಗುವಾಗ ಕಂಬಳಿಯ ಜೊತೆ ಒಂದು ಬ್ಯಾಟರಿ, ಬೆಂಕಿಪೊಟ್ಟಣ, ಎರಡು ಲಕ್ಷ್ಮಿ ಪಟಾಕಿ ಒಯ್ಯುತ್ತಿದ್ದರು. ಎರಡೇ. ಒಂದು ರಾತ್ರಿ ನಾನೂ ಹಟ ಮಾಡಿ ಹೋಗಿದ್ದೆ. ಬದುವಿನಾಚೆ ಏನೋ ಸರಬರ ಅಂದದ್ದೇ ನನಗೆ ಓಟ ಕೀಳುವ ಯೋಚನೆ. ಮಾವ ಮಾತ್ರ ಕಡ್ಡಿ ಗೀರದೆ ಕಿವಿಗೊಟ್ಟು ಕೂತರು. ಬಂದಿರುವುದು ಹಂದಿಯೋ, ಕರಡಿಯೋ, ಬರೀ ನಾಯಿಯೋ? ಈಗಲೇ ಹಚ್ಚಿದರೆ ಬೆಳಗಿನ ಜಾವಕ್ಕೆ ಉಳಿಯುವುದು ಒಂದೇ. ಬರಿಗೈಲಿ ಹೋಗಿದ್ದರೆ ಈ ಲೆಕ್ಕಾಚಾರಕ್ಕೆ ಜಾಗವೇ ಇರುತ್ತಿರಲಿಲ್ಲ. ಒಂದು ಮೂಟೆ ಪಟಾಕಿ ಇದ್ದಿದ್ದರೂ ಇರುತ್ತಿರಲಿಲ್ಲ.

1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ತಂದ ರೆಸಿಡೆಂಟ್ ಈವಿಲ್ ಪೂರ್ತಿ ನಿಂತಿರುವುದು ಇದೇ ಎರಡು ಪಟಾಕಿಯ ಲೆಕ್ಕದ ಮೇಲೆ. ಅದರಲ್ಲಿ ಆಡಲು ಎರಡು ಪಾತ್ರ: ಕ್ರಿಸ್ ಆಗಿ ಆಡಿದರೆ ಸಾಮಾನಿಗೆ 6 ಖಾನೆ, ಜಿಲ್ ಆಗಿ ಆಡಿದರೆ 8. ಗನ್ನಿಗೆ ಒಂದು, ಗುಂಡಿಗೆ ಒಂದು, ಗಾಯಕ್ಕೆ ಹಾಕುವ ಸೊಪ್ಪಿಗೆ ಒಂದು, ಬೀಗದ ಕೈಗೆ ಇನ್ನೊಂದು. ಗೇಮ್ ಸೇವ್ ಮಾಡಲು ಟೈಪ್‌ರೈಟರ್ ಹುಡುಕಬೇಕು, ಅದಕ್ಕೆ ಹಾಕುವ ರಿಬ್ಬನ್ ಕೂಡ ಎಣಿಕೆಯದ್ದು. ಈಗ ಕಾರಿಡಾರಿನಲ್ಲಿ ಒಂದು ಜಾಂಬಿ (ನಡೆದಾಡುವ ಹೆಣ) ತೂರಾಡುತ್ತಾ ಬರುತ್ತಿದೆ ಅನ್ನಿ. ಅದನ್ನು ಹೊಡೆಯುವುದು ಕಷ್ಟವೇನಲ್ಲ. ಆದರೆ ಈ ಕಾರಿಡಾರನ್ನು ನೀವು ಇನ್ನು ಎಷ್ಟು ಸಲ ದಾಟಬೇಕು? ಹತ್ತು ಸಲವಾದರೆ ಗುಂಡು ಖರ್ಚು ಮಾಡಿ ದಾರಿ ಸ್ವಚ್ಛ ಮಾಡಿಕೊಳ್ಳುವುದು ಲಾಭ. ಒಂದೇ ಸಲವಾದರೆ ಪಕ್ಕಕ್ಕೆ ಸರಿದು ಓಡುವುದು ಲಾಭ. ಎಷ್ಟು ಸಲ ಅಂತ ನಿಮಗೆ ಗೊತ್ತಿಲ್ಲ, ಭಯ ಹುಟ್ಟುವುದು ಅಲ್ಲೇ.

2002ರಲ್ಲಿ ಅದೇ ಗೇಮನ್ನು ಹೊಸದಾಗಿ ಮಾಡಿದಾಗ ಈ ಲೆಕ್ಕಕ್ಕೆ ಇನ್ನೊಂದು ಗಂಟು ಹಾಕಿದರು. ಕೆಡವಿದ ಜಾಂಬಿಯನ್ನು ಹಾಗೇ ಬಿಟ್ಟುಹೋದರೆ, ಸ್ವಲ್ಪ ಹೊತ್ತಿನ ಮೇಲೆ ಅದು ಕೆಂಪು ತಲೆ, ಉದ್ದ ಉಗುರು ಹೊತ್ತು, ಮೊದಲಿಗಿಂತ ಜೋರಾಗಿ ಓಡುತ್ತಾ ಎದ್ದು ಬರುತ್ತದೆ. ತಪ್ಪಿಸಬೇಕಾದರೆ ತಲೆ ಚೂರಾಗಿರಬೇಕು, ಇಲ್ಲವೇ ಸೀಮೆಎಣ್ಣೆ ಸುರಿದು ಸುಡಬೇಕು. ಸೀಮೆಎಣ್ಣೆಗೂ ಮಿತಿ! ಅಂದರೆ ಗೆದ್ದ ಹೊಡೆದಾಟವೇ ನಾಳೆಗೆ ಸಾಲವಾಗಿ ನಿಲ್ಲುತ್ತದೆ. ಇದಕ್ಕಿಂತ ಕ್ರೂರವಾದ, ಇಷ್ಟು ಚೆಂದದ ನಿಯಮವನ್ನು ಈ ಬಗೆಯ ಗೇಮ್‌ಗಳಲ್ಲಿ ನಾನು ಕಂಡಿಲ್ಲ.

(ನಾವು ಪಿಯುಸಿಯಲ್ಲಿ ಆಡುತ್ತಿದ್ದ ಸೈಬರ್ ಕೆಫೆಯಲ್ಲಿ ಇನ್ನೊಂದು ಮಿತಿಯೂ ಇತ್ತು: ಕರೆಂಟು. ರಿಬ್ಬನ್ ಉಳಿಸಲು ಹೋಗಿ ಒಂದೂವರೆ ಗಂಟೆಯ ಆಟ ಕಳೆದುಕೊಂಡವನ ಸಂಕಟ ಜಾಂಬಿಗೂ ಬೇಡ.)

ಇನ್ನೊಂದು ದಾರಿ, ಗುಂಡಿದ್ದರೂ ಕೈ ನಡುಗಿಸುವುದು. ಕೊನಾಮಿಯ ಸೈಲೆಂಟ್ ಹಿಲ್ (1999) ಗೇಮಿನ ಹ್ಯಾರಿ ಪೊಲೀಸನೂ ಅಲ್ಲ, ಸೈನಿಕನೂ ಅಲ್ಲ. ಕಾಣೆಯಾದ ಮಗಳನ್ನು ಹುಡುಕುತ್ತಿರುವ ಬರಹಗಾರ. ಅವನ ಗುರಿಯೂ ಬರಹಗಾರನ ಗುರಿಯೇ. 2019ರ ಹೊಸ ರೆಸಿಡೆಂಟ್ ಈವಿಲ್ 2ರಲ್ಲಿ ಗುರಿ ಬಿಗಿಯಾಗಬೇಕಾದರೆ ನಿಂತಲ್ಲೇ ನಿಲ್ಲಬೇಕು. ಜಾಂಬಿ ಹತ್ತಿರ ಬರುತ್ತಿರುವಾಗ ಅಲುಗಾಡದೆ ನಿಲ್ಲುವುದಕ್ಕೆ ಗನ್ನಿಗಿಂತ ಗುಂಡಿಗೆ ಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಗನ್ನೇ ಇಲ್ಲದ ಪ್ರಯೋಗವೂ ಆಗಿದೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ತಂಡದ ಪೆನಂಬ್ರಾ ಸರಣಿಯ ಮೊದಲ ಭಾಗದಲ್ಲಿ (2007) ಸುತ್ತಿಗೆ, ಪಿಕಾಸಿ ಬೀಸಬಹುದಿತ್ತು. ಮುಂದಿನ ಭಾಗದಲ್ಲಿ ಆಯುಧ ತೆಗೆದೇಬಿಟ್ಟರು. ಅದೇ ತಂಡದ 2010ರ ಗೇಮ್ ಅಮ್ನೀಷಿಯಾದಲ್ಲಂತೂ ದೆವ್ವದಂಥದ್ದನ್ನು ದಿಟ್ಟಿಸಿ ನೋಡಿದರೂ ತಲೆ ಕೆಡುತ್ತದೆ. ಮೊದಲ ಎರಡು ಗಂಟೆ ಅದಕ್ಕೆ ಸರಿಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಐದನೇ ಸಲ ಬೀರುವಿನೊಳಗೆ ಅಡಗುವಾಗ ನನಗೆ ಶಿರಾ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿರುವ ಹಾಗಿತ್ತು: ಅದು ಬರುತ್ತದೆ, ಹೋಗುತ್ತದೆ. ಆರಿಸಿಕೊಳ್ಳಲು ನನಗೆ ಏನೂ ಇಲ್ಲದ ಮೇಲೆ ತಪ್ಪೂ ನನ್ನದಲ್ಲ. ನನ್ನದಲ್ಲದ ತಪ್ಪಿಗೆ ನಾನು ಬಹಳ ಹೊತ್ತು ಹೆದರಲಾರೆ.

ಇವೆರಡರ ನಡುವೆ ನನಗೆ ಹಿಡಿಸಿದ್ದು ಏಲಿಯನ್: ಐಸೊಲೇಷನ್ (2014). ಅಲ್ಲಿ ಬೆಂಕಿ ಉಗುಳುವ ಆಯುಧ ಸಿಗುತ್ತದೆ, ಆದರೆ ನಿಮ್ಮನ್ನು ಬೇಟೆಯಾಡುವ ಏಲಿಯನ್ (ಅನ್ಯಗ್ರಹದ ಜೀವಿ) ಅದಕ್ಕೆ ಸಾಯುವುದಿಲ್ಲ, ಹಿಂದೆ ಸರಿಯುತ್ತದೆ ಅಷ್ಟೇ. ಇಂಧನ ಇಳಿಯುತ್ತದೆ, ಅದು ಮತ್ತೆ ಬರುತ್ತದೆ. ಅಪ್ಪಟ ಲಕ್ಷ್ಮಿ ಪಟಾಕಿ.

ಕೊಟ್ಟದ್ದು ಹೆಚ್ಚಾದರೂ ಆಟ ಬದಲಾಗುತ್ತದೆ. 2005ರ ರೆಸಿಡೆಂಟ್ ಈವಿಲ್ 4ರಲ್ಲಿ ಕೊಂದವರಿಂದಲೇ ಗುಂಡು, ದುಡ್ಡು ಉದುರುತ್ತದೆ. ಆಯುಧ ಮಾರುವ ವ್ಯಾಪಾರಿ ದಾರಿಯುದ್ದಕ್ಕೂ ಸಿಗುತ್ತಾನೆ. ನೀವು ಪದೇ ಪದೇ ಸತ್ತರೆ ಗೇಮ್ ಗುಟ್ಟಾಗಿ ಸುಲಭವೂ ಆಗುತ್ತದೆ. ಅದ್ಭುತ ಗೇಮ್. ಹೊಡೆದಷ್ಟೂ ಲಾಭ ಅಂತ ಗೊತ್ತಾದ ಮೇಲೆ ನಾನು ಅದರಲ್ಲಿ ಬೇಟೆಗಾರನಾಗಿಬಿಟ್ಟೆ, ಹೆದರಿಕೆ ಅರ್ಧ ಹೋಯಿತು.

ಉಳಿದ ಗುಂಡಿನ ವಿಚಾರಕ್ಕೆ ಬರೋಣ. ಅದು ನೀವು ಮಾಡಿದ ಲೆಕ್ಕದ ಫಲ. ಪ್ರತಿ ಬಾಗಿಲಲ್ಲೂ ಮುಂದಿನ ಬಾಗಿಲ ಬಗ್ಗೆ ಯೋಚಿಸಿದ್ದಕ್ಕೇ ಅವು ಉಳಿದವು. ಇನ್ನೊಮ್ಮೆ ಆಡಿದರೆ ಎಲ್ಲಿ ಎಷ್ಟು ಬೇಕು ಅಂತ ಗೊತ್ತಿರುತ್ತದೆ, ಧಾರಾಳವಾಗಿ ಖರ್ಚು ಮಾಡುತ್ತೀರಿ, ಅರ್ಧದಷ್ಟೂ ಹೆದರುವುದಿಲ್ಲ. ನಮ್ಮ ಮಾವ ಕೂಡ ಎಷ್ಟೋ ದಿನ ಎರಡೂ ಪಟಾಕಿಯನ್ನು ಹಾಗೇ ವಾಪಸ್ ತರುತ್ತಿದ್ದರು. ಮಂಜಿಗೆ ಮೆತ್ತಗಾಗಿರುತ್ತಿದ್ದ ಅವನ್ನು ಅತ್ತೆ ಜಗಲಿಯ ಮೇಲೆ ಬಿಸಿಲಿಗೆ ಇಡುತ್ತಿದ್ದರು, ಸಂಜೆ ಮತ್ತೆ ಒಯ್ಯಬೇಕಲ್ಲ.